ಲೆಸ್ಲಿ ಮ್ಯಾನ್ಸರ್‌ನ ಕೊನೆಯ ಕ್ಷಣ ನಮಗೆ ಹೇಗೆ ಗೊತ್ತಾಯಿತು?

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದ ಲೆಸ್ಲಿ ಥಾಮಸ್ ಮ್ಯಾನ್ಸರ್ ಹುಟ್ಟಿದ್ದು ನಮ್ಮ ದೆಹಲಿಯಲ್ಲಿ, 1922ರ ಮೇ 11ರಂದು. ಸತ್ತಿದ್ದು ಬೆಲ್ಜಿಯಂನಲ್ಲಿ, 1942ರ ಮೇ 31ರ ನಸುಕಿನಲ್ಲಿ. ಇಪ್ಪತ್ತು ತುಂಬಿ ಇನ್ನೂ ಮೂರು ವಾರ ಆಗಿರಲಿಲ್ಲ.

ಅವನ ಕೊನೆಯ ಕ್ಷಣಗಳು ಹೇಗಿದ್ದವು ಅಂತ ನಮಗೆ ಚೆನ್ನಾಗಿ ಗೊತ್ತು. ಒಂದು ಎಂಜಿನ್ ಸುಟ್ಟುಹೋದ ಬಾಂಬರ್ ವಿಮಾನ ಮೆಲ್ಲಗೆ ನೆಲದ ಕಡೆ ಇಳಿಯುತ್ತಿತ್ತು. ಅವನೇ ಪೈಲಟ್. ಜೊತೆಗಿದ್ದವರಿಗೆಲ್ಲ ಹಾರಿಕೊಳ್ಳಿ ಅಂದ. ಒಬ್ಬ ಸಾರ್ಜೆಂಟ್ ಅವನಿಗೂ ಒಂದು ಪ್ಯಾರಾಶೂಟ್ ತಂದು ಚಾಚಿದ. ಮ್ಯಾನ್ಸರ್ ಕೈಯಾಡಿಸಿ ಬೇಡ ಅಂದ. ವಿಮಾನವನ್ನು ಇನ್ನು ಕೆಲವೇ ಸೆಕೆಂಡು ನೆಟ್ಟಗೆ ಹಿಡಿದಿರಬಲ್ಲೆ, ನೀನು ಬೇಗ ಹಾರು ಅಂದ. ಆ ಸಾರ್ಜೆಂಟ್ ಹಾರಿದ. ಉಳಿದವರು ಕೆಳಗಿಳಿಯುತ್ತಲೇ ನೋಡಿದರು, ವಿಮಾನ ನೆಲಕ್ಕೆ ಬಡಿದು ಹೊತ್ತಿಕೊಂಡಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ಕಾಡಿದ್ದು ಅವನ ಧೈರ್ಯಕ್ಕಿಂತ ಜಾಸ್ತಿ ಇನ್ನೊಂದು ವಿಷಯ. ವಿಮಾನ ಬಿದ್ದಾಗ ಒಳಗಿದ್ದವನು ಅವನೊಬ್ಬನೇ. ಬಿದ್ದ ಜಾಗ ಜರ್ಮನರ ಕೈಯಲ್ಲಿದ್ದ ನಾಡು. ಹಾಗಿದ್ದರೆ ಪ್ಯಾರಾಶೂಟ್ ಬೇಡ ಅಂತ ಕೈಯಾಡಿಸಿದ ಆ ಸಣ್ಣ ಸಂಗತಿ ಸಮುದ್ರ ದಾಟಿ ಇಂಗ್ಲೆಂಡಿಗೆ ಹೇಗೆ ತಲುಪಿತು? ಅದೇ ರಾತ್ರಿ ಬೇರೆ ವಿಮಾನಗಳಲ್ಲಿ ಸತ್ತ ಹುಡುಗರ ಕೊನೆಯ ಕ್ಷಣಗಳು ಯಾಕೆ ತಲುಪಲಿಲ್ಲ?

ಯುದ್ಧದಲ್ಲಿ ಸತ್ತವರನ್ನು ನೆನೆಯೋದು ಅಂದರೆ ಒಂದು ಕಲ್ಲು, ಒಂದು ಹೂವಿನ ಹಾರ, ಎರಡು ನಿಮಿಷ ಮೌನ, ಇಷ್ಟೇ ಅಂದುಕೊಳ್ಳುತ್ತೇವೆ. ಆದರೆ ಆ ಕಲ್ಲಿನ ಮೇಲೆ ಹೆಸರು ಬರಬೇಕಾದರೆ ಯಾರೋ ಒಬ್ಬರು ನೋಡಿರಬೇಕು, ಬದುಕಿ ಬಂದು ಹೇಳಬೇಕು. ಹೇಳೋಕೆ ಯಾರೂ ಉಳಿದಿಲ್ಲ ಅಂದರೆ ಯಾರೋ ಹೋಗಿ ಹುಡುಕಬೇಕು. ಮ್ಯಾನ್ಸರ್‌ನ ಕಥೆ ಹಿಡಿದುಕೊಂಡು ಹೋದರೆ ಈ ಎಲ್ಲಾ ಕೆಲಸ ಕಣ್ಣಿಗೆ ಕಾಣುತ್ತದೆ.

ಮೊದಲು ಅವನಿದ್ದ ಪಡೆಯ ಬಗ್ಗೆ. ಬ್ರಿಟನ್ನಿನ ವಾಯುಪಡೆಯಲ್ಲಿ ಬಾಂಬ್ ಹಾಕುವ ವಿಮಾನಗಳದ್ದೇ ಒಂದು ವಿಭಾಗ ಇತ್ತು, ಬಾಂಬರ್ ಕಮಾಂಡ್ ಅಂತ. ಎರಡನೇ ಮಹಾಯುದ್ಧದಲ್ಲಿ ಅದರ ವಿಮಾನಗಳಲ್ಲಿ ಹಾರಿದವರು ಸುಮಾರು 1,25,000 ಜನ. ಸತ್ತವರು 55,573. ಅಂದರೆ ನೂರಕ್ಕೆ ನಲವತ್ತನಾಲ್ಕು. ಇವರಲ್ಲಿ ಬ್ರಿಟನ್ನಿನವರ ಜೊತೆ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋಲೆಂಡ್ ಎಲ್ಲಾ ಕಡೆಯವರೂ ಇದ್ದರು. ಎಲ್ಲರೂ ತಾವಾಗಿ ಮುಂದೆ ಬಂದವರು, ವಿಮಾನ ಹತ್ತಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡಿರಲಿಲ್ಲ. ಹೆಚ್ಚಿನವರ ವಯಸ್ಸು ಇಪ್ಪತ್ತರ ಆಸುಪಾಸು. ಒಬ್ಬ ಹುಡುಗ ಸಾಮಾನ್ಯವಾಗಿ 30 ಸಲ ಹೋಗಿಬರಬೇಕು, ಆಮೇಲೆ ಸ್ವಲ್ಪ ಕಾಲ ಬಿಡುವು. ಯುದ್ಧದ ಕೆಟ್ಟ ತಿಂಗಳುಗಳಲ್ಲಿ ಆ ಮೂವತ್ತು ಮುಗಿಸಿದವರಿಗಿಂತ ಮುಗಿಸದವರೇ ಜಾಸ್ತಿ.

ಮ್ಯಾನ್ಸರ್‌ನ ಅಪ್ಪ ಇಲ್ಲಿನ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಎಂಜಿನಿಯರ್. ಹುಡುಗ ಮೊದಲು ಓದಿದ್ದು ಡಾರ್ಜಿಲಿಂಗ್ ಬೆಟ್ಟದ ಕುರ್ಸಿಯಾಂಗ್‌ನ ಶಾಲೆಯಲ್ಲಿ. ಆಮೇಲೆ ಇಂಗ್ಲೆಂಡಿಗೆ ಹೋದ. ಯುದ್ಧ ಶುರುವಾದಾಗ ಭೂಸೇನೆಗೂ ನೌಕಾಪಡೆಗೂ ಅರ್ಜಿ ಹಾಕಿದ, ಎರಡೂ ಕಡೆ ತಗೊಳ್ಳಲಿಲ್ಲ. 1940ರ ಆಗಸ್ಟ್‌ನಲ್ಲಿ ವಾಯುಪಡೆ ತಗೊಂಡಿತು. ಒಂದು ವರ್ಷ ತರಬೇತಿ ಮುಗಿಸಿ 1941ರ ಆಗಸ್ಟ್‌ನಲ್ಲಿ 50ನೇ ಸ್ಕ್ವಾಡ್ರನ್ ಸೇರಿದ. ಒಂಬತ್ತೇ ತಿಂಗಳಲ್ಲಿ ಸತ್ತ.

ಅವನಿಗೆ ಸಿಕ್ಕ ವಿಮಾನದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅವನ ಸಾವಿಗೆ ಅದೂ ಒಂದು ಕಾರಣ. ಆವ್ರೋ ಮ್ಯಾಂಚೆಸ್ಟರ್ ಅಂತ ಅದರ ಹೆಸರು. ದೊಡ್ಡ ವಿಮಾನ, ಏಳು ಜನ ಕೂರುವಂಥದ್ದು, ಆದರೆ ಎಂಜಿನ್ ಎರಡೇ. ರೋಲ್ಸ್ ರಾಯ್ಸ್‌ನ ವಲ್ಚರ್ ಅನ್ನುವ ಎಂಜಿನ್ ಅದಕ್ಕೆ ಹಾಕಿದ್ದರು. ಒಂದೊಂದು ಎಂಜಿನ್‌ನಲ್ಲೂ 24 ಸಿಲಿಂಡರ್, ನಾಲ್ಕು ಸಾಲಾಗಿ ಎಕ್ಸ್ ಆಕಾರದಲ್ಲಿ, ಎಲ್ಲಕ್ಕೂ ಒಂದೇ ಕ್ರ್ಯಾಂಕ್‌ಶಾಫ್ಟ್. ಕಾಗದದ ಮೇಲೆ ಬಲವಾದ ಎಂಜಿನ್. ಆಕಾಶದಲ್ಲಿ ಅದು ಕಾದು ಕಾದು ಕೈಕೊಡುತ್ತಿತ್ತು, ಬೇರಿಂಗ್‌ಗಳು ಹೋಗುತ್ತಿದ್ದವು. ಎರಡರಲ್ಲಿ ಒಂದು ನಿಂತರೆ ಉಳಿದ ಒಂದು ಆ ಭಾರವನ್ನು ಎತ್ತರದಲ್ಲಿ ಉಳಿಸಿಕೊಳ್ಳುವುದೇ ಕಷ್ಟ. ವಿಮಾನದ ವಿನ್ಯಾಸ ಮಾಡಿದ ರಾಯ್ ಚಾಡ್ವಿಕ್ ಅದೇ ಒಡಲನ್ನು ಇಟ್ಟುಕೊಂಡು ರೆಕ್ಕೆ ಉದ್ದ ಮಾಡಿ ನಾಲ್ಕು ಮರ್ಲಿನ್ ಎಂಜಿನ್ ಹಾಕಿದರು, ಅದೇ ಮುಂದೆ ಲ್ಯಾಂಕಾಸ್ಟರ್ ಅಂತ ಹೆಸರಾಯಿತು. ಮ್ಯಾಂಚೆಸ್ಟರ್‌ಗಳನ್ನು 1942ರ ಜೂನ್‌ನಲ್ಲಿ ದಾಳಿಯಿಂದ ಪೂರ್ತಿ ಹಿಂದಕ್ಕೆ ತೆಗೆದುಕೊಂಡರು. ಮ್ಯಾನ್ಸರ್ ಸತ್ತದ್ದು ಮೇ ಕೊನೆಯ ದಿನ. ಇನ್ನು ಕೆಲವೇ ವಾರ ತಡೆದಿದ್ದರೆ ಅನ್ನಿಸದೇ ಇರಲ್ಲ, ಅಲ್ವಾ.

ತಡೆಯಲು ಆಗಲಿಲ್ಲ, ಯಾಕೆಂದರೆ ಆ ರಾತ್ರಿ ಇದ್ದಬದ್ದ ವಿಮಾನಗಳೆಲ್ಲ ಬೇಕಾಗಿದ್ದವು. ಬಾಂಬರ್ ಕಮಾಂಡಿನ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ಒಂದೇ ರಾತ್ರಿ ಒಂದೇ ಊರಿನ ಮೇಲೆ ಸಾವಿರ ವಿಮಾನ ಕಳಿಸಬೇಕು ಅಂತ ಹಟ ಹಿಡಿದಿದ್ದರು. ಅಷ್ಟು ವಿಮಾನ ಇರಲೇ ಇಲ್ಲ. ತರಬೇತಿ ಕೇಂದ್ರಗಳಿಂದ ಹಳೇ ವಿಮಾನ, ಇನ್ನೂ ಕಲಿಯುತ್ತಿದ್ದ ಹುಡುಗರು, ಅವರಿಗೆ ಕಲಿಸುತ್ತಿದ್ದ ಮೇಷ್ಟ್ರುಗಳು, ಎಲ್ಲರನ್ನೂ ಸೇರಿಸಿ 1,047 ವಿಮಾನ ಹೊರಟವು. ಗುರಿ ಜರ್ಮನಿಯ ಕಲೋನ್ ನಗರ. ಇಷ್ಟೊಂದು ಒಟ್ಟಿಗೆ ಕಳಿಸೋದರ ಹಿಂದೆ ಒಂದು ಲೆಕ್ಕಾಚಾರ ಇತ್ತು: ಜರ್ಮನರ ರಾತ್ರಿ ಕಾವಲು ಆಕಾಶವನ್ನು ಚೌಕ ಚೌಕವಾಗಿ ಹಂಚಿಕೊಂಡಿತ್ತು, ಒಂದು ಚೌಕದಲ್ಲಿ ರಾಡಾರ್ ಹಿಡಿದು ಕೂತವರು ಒಂದು ಸಲಕ್ಕೆ ಒಂದು ವಿಮಾನದ ಬೆನ್ನು ಹತ್ತಬಹುದು ಅಷ್ಟೇ, ಹಾಗಾಗಿ ಎಲ್ಲಾ ವಿಮಾನ ಒಂದೇ ದಾರಿಯಲ್ಲಿ ಹೊಳೆ ಹರಿದಂತೆ ನುಗ್ಗಿದರೆ ಹೆಚ್ಚಿನವು ತಪ್ಪಿಸಿಕೊಳ್ಳುತ್ತವೆ. ಲೆಕ್ಕ ಸರಿಯೇ ಆಯಿತು. ಸಾವಿರದಲ್ಲಿ 41 ವಿಮಾನ ವಾಪಸ್ ಬರಲಿಲ್ಲ.

ಕೆಳಗೆ ಕಲೋನ್‌ನಲ್ಲಿ ಸುಮಾರು 470 ಜನ ಸತ್ತರು, 45,000 ಜನ ಮನೆ ಕಳೆದುಕೊಂಡರು. ಮ್ಯಾನ್ಸರ್‌ನ ಬಗ್ಗೆ ಬರೆಯುವಾಗ ಈ ಅಂಕಿಯನ್ನು ಬದಿಗೆ ಸರಿಸಲು ನನಗೆ ಮನಸ್ಸಿಲ್ಲ. ಅವನ ವಿಮಾನವೂ ಅಲ್ಲಿ ಬಾಂಬ್ ಹಾಕಿತ್ತು. ಇದರ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ಗುರಿ ಹತ್ತಿರ ಬಂದಾಗ ಮ್ಯಾನ್ಸರ್‌ನ ವಿಮಾನ ಸರ್ಚ್‌ಲೈಟಿನ ಬೆಳಕಿಗೆ ಸಿಕ್ಕಿಬಿತ್ತು. ಕೆಳಗಿನಿಂದ ಫಿರಂಗಿ ಗುಂಡು ಸುರಿಯಿತು. ಅವನು ದಾರಿ ಬಿಡದೆ 7,000 ಅಡಿ ಎತ್ತರದಿಂದ ಬಾಂಬ್ ಬಿಟ್ಟು ತಿರುಗಿದ. ಬೆಳಕಿನಿಂದ ತಪ್ಪಿಸಿಕೊಳ್ಳೋಕೆ ವಿಮಾನವನ್ನು ಹೊರಳಿಸುತ್ತಾ ಸಾವಿರ ಅಡಿಗಿಂತ ಕೆಳಗೆ ಇಳಿಸಿದ. ಊರು ದಾಟುವವರೆಗೂ ಗುಂಡು ಬಿಡಲಿಲ್ಲ. ಹಿಂಬದಿಯ ಗನ್ನರ್‌ಗೆ ಗಾಯವಾಯಿತು. ಮುಂದಿನ ಕ್ಯಾಬಿನ್ ತುಂಬಾ ಹೊಗೆ. ಎಡಗಡೆಯ ಎಂಜಿನ್ ಕಾಯತೊಡಗಿತ್ತು.

ಆಗಲೇ ಎಲ್ಲರೂ ಪ್ಯಾರಾಶೂಟ್ ಹಿಡಿದು ಹಾರಬಹುದಿತ್ತು, ಅವನೂ ಸೇರಿ. ಆದರೆ ಹಾರಿದರೆ ಸೆರೆ. ಇವರನ್ನು ಮನೆಗೆ ಮುಟ್ಟಿಸಬೇಕು ಅಂತ ಅವನು ಮತ್ತೆ 2,000 ಅಡಿಗೆ ಏರಿಸಿದ. ಅಲ್ಲಿ ಎಡಗಡೆಯ ಎಂಜಿನ್‌ಗೆ ಬೆಂಕಿ ಹತ್ತಿತು. ಆ ಬೆಂಕಿ ಆರಲು ಹತ್ತು ನಿಮಿಷ ಹಿಡಿಯಿತು. ರಾತ್ರಿಯಲ್ಲಿ, ಎರಡು ಸಾವಿರ ಅಡಿ ಮೇಲೆ, ಪಕ್ಕದ ರೆಕ್ಕೆ ಉರಿಯುತ್ತಿರುವಾಗ ಹತ್ತು ನಿಮಿಷ ಅಂದರೆ ಎಷ್ಟು ಉದ್ದ ಅಂತ ಸುಮ್ನೆ ಒಮ್ಮೆ ಯೋಚಿಸಿ. ಬೆಂಕಿ ಆರಿತು, ಎಂಜಿನ್ ಸತ್ತಿತು, ರೆಕ್ಕೆಯ ಒಂದು ಭಾಗ ಸುಟ್ಟುಹೋಯಿತು. ವೇಗ ಕಡಿಮೆಯಾಗಿ ವಿಮಾನ ಇಳಿಯತೊಡಗಿತು. ಭಾರ ಕಡಿಮೆ ಮಾಡಿದರೂ ನಿಲ್ಲಲಿಲ್ಲ. ಹತ್ತಿರದ ಇನ್ನೊಂದು ವಿಮಾನ ನೆಲೆಗೆ ಮುಖ ತಿರುಗಿಸಿದ. ಬೆಲ್ಜಿಯಂ ದಾಟಲಿಲ್ಲ. ಬ್ರೀ ಅನ್ನುವ ಊರಿನ ಹತ್ತಿರ ಇನ್ನು ಆಗಲ್ಲ ಅಂತ ಗೊತ್ತಾದಾಗ ಹಾರಿ ಅಂದ.

ಕೊನೆಯಲ್ಲಿ ಅವನ ಪಕ್ಕ ಇದ್ದದ್ದು ಎರಡನೇ ಪೈಲಟ್, ಸಾರ್ಜೆಂಟ್ ಲೆಸ್ಲಿ ಬೇವಿಸ್ಟಾಕ್. ಪ್ಯಾರಾಶೂಟ್ ಚಾಚಿದ್ದು ಇವನೇ. ಅವನು ಹಾರಿದಾಗ ವಿಮಾನ ಎಷ್ಟು ಕೆಳಗಿತ್ತೆಂದರೆ ಪ್ಯಾರಾಶೂಟ್ ಸರಿಯಾಗಿ ಬಿಚ್ಚಿಕೊಳ್ಳುವಷ್ಟು ಎತ್ತರ ಇರಲಿಲ್ಲ. ಬಿದ್ದದ್ದು ನೀರು ತುಂಬಿದ ಹಳ್ಳಕ್ಕೆ, ಅದರಿಂದ ಬದುಕಿದ. ಅದೇ ಗಟ್ಟಿ ನೆಲ ಆಗಿದ್ದರೆ ಮ್ಯಾನ್ಸರ್ ಕೈಯಾಡಿಸಿದ್ದನ್ನು ಹತ್ತಿರದಿಂದ ಕಂಡ ಒಬ್ಬನೇ ಸಾಕ್ಷಿ ಅಲ್ಲೇ ಮುಗಿದಿರುತ್ತಿದ್ದ.

ಏಳು ಜನರಲ್ಲಿ ಆರು ಮಂದಿ ಜೀವಂತ. ನ್ಯಾವಿಗೇಟರ್ ಜರ್ಮನರಿಗೆ ಸಿಕ್ಕಿದ. ಉಳಿದ ಐವರನ್ನು ಅಲ್ಲಿನ ಹಳ್ಳಿಯವರು ಬಚ್ಚಿಟ್ಟುಕೊಂಡರು. ಅಲ್ಲಿಂದ ಅವರನ್ನು ಕೈಗೆತ್ತಿಕೊಂಡದ್ದು ಕಾಮೆಟ್ ಲೈನ್ ಅನ್ನುವ ಗುಟ್ಟಿನ ಜಾಲ. ಇದನ್ನು ಕಟ್ಟಿದ್ದು ಬ್ರಸೆಲ್ಸ್‌ನ ಆಂದ್ರೇ ಡಿ ಯೊಂಗ್ ಅನ್ನುವ ಹುಡುಗಿ. 1941ರ ಆಗಸ್ಟ್‌ನಲ್ಲಿ ಆಕೆ ಒಬ್ಬ ಬ್ರಿಟಿಷ್ ಸೈನಿಕನನ್ನೂ ಇಬ್ಬರು ಬೆಲ್ಜಿಯನ್ನರನ್ನೂ ಕರೆದುಕೊಂಡು ಸ್ಪೇನಿನ ಬಿಲ್ಬಾವೋದಲ್ಲಿದ್ದ ಬ್ರಿಟಿಷ್ ಕಚೇರಿಯ ಬಾಗಿಲಿಗೆ ಬಂದು ನಿಂತಾಗ ಆಕೆಗೆ 24 ವರ್ಷ. ದಾರಿ ಬ್ರಸೆಲ್ಸ್‌ನಿಂದ ಪ್ಯಾರಿಸ್, ಅಲ್ಲಿಂದ ರೈಲಿನಲ್ಲಿ ಫ್ರಾನ್ಸಿನ ದಕ್ಷಿಣದ ತುದಿ, ರಾತ್ರಿ ಹೊತ್ತು ಕಾಲ್ನಡಿಗೆಯಲ್ಲಿ ಪಿರೆನೀಸ್ ಬೆಟ್ಟ ದಾಟಿ ಸ್ಪೇನ್, ಆಮೇಲೆ ಜಿಬ್ರಾಲ್ಟರ್, ಅಲ್ಲಿಂದ ಇಂಗ್ಲೆಂಡ್. ಹೆಜ್ಜೆ ಹೆಜ್ಜೆಗೂ ಬೇರೆ ಬೇರೆ ಮನೆ, ಬೇರೆ ಬೇರೆ ಜನ, ಸುಳ್ಳು ಗುರುತಿನ ಚೀಟಿ, ಬೇರೆಯವರ ಬಟ್ಟೆ. ಯುದ್ಧ ಮುಗಿಯುವಷ್ಟರಲ್ಲಿ ನೂರಾರು ವಿಮಾನಿಗಳನ್ನು ಹೀಗೆ ದಾಟಿಸಿದರು.

ಸಿಕ್ಕಿಬಿದ್ದರೆ ವಿಮಾನಿಗೆ ಸೆರೆ. ಮನೆಯಲ್ಲಿ ಬಚ್ಚಿಟ್ಟುಕೊಂಡವರಿಗೆ ಗುಂಡು, ಇಲ್ಲವೇ ಸೆರೆ ಶಿಬಿರ. ಆಂದ್ರೇ 1943ರ ಜನವರಿಯಲ್ಲಿ ಸಿಕ್ಕಿಬಿದ್ದು ರಾವೆನ್ಸ್‌ಬ್ರುಕ್ ಶಿಬಿರಕ್ಕೆ ಹೋದರು, ಬದುಕಿ ಬಂದರು. ಆಕೆಯ ಅಪ್ಪನನ್ನು 1944ರಲ್ಲಿ ಗುಂಡಿಟ್ಟು ಕೊಂದರು.

ಮ್ಯಾನ್ಸರ್‌ನ ಐದು ಮಂದಿ ಗೆಳೆಯರು ಈ ದಾರಿಯಲ್ಲೇ ಊರಿಗೆ ಬಂದರು. ಬಂದು ಆ ರಾತ್ರಿ ಏನಾಯಿತು ಅಂತ ಹೇಳಿದರು. ವಿಕ್ಟೋರಿಯಾ ಕ್ರಾಸ್ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ, ನಮ್ಮ ಪರಮವೀರ ಚಕ್ರ ಇದ್ದ ಹಾಗೆ. ಅದಕ್ಕೆ ಕಣ್ಣಾರೆ ಕಂಡವರ ಹೇಳಿಕೆ ಬೇಕು. 1942ರ ಅಕ್ಟೋಬರ್‌ನಲ್ಲಿ ಮ್ಯಾನ್ಸರ್‌ಗೆ ಆ ಪದಕ ಘೋಷಣೆಯಾಯಿತು. ಪ್ಯಾರಾಶೂಟಿನ ವಿಷಯ, ಹತ್ತು ನಿಮಿಷದ ಬೆಂಕಿಯ ವಿಷಯ, ಎಲ್ಲಾ ಆ ಸರ್ಕಾರಿ ಪ್ರಕಟಣೆಯಲ್ಲಿದೆ. ಹೀಗೆ ಅವನ ನೆನಪು ಉಳಿದಿದ್ದರ ಹಿಂದೆ ಒಂದು ಹಳ್ಳದ ನೀರಿದೆ, ಹೆಸರೇ ಗೊತ್ತಿಲ್ಲದ ಹಳ್ಳಿ ಜನರಿದ್ದಾರೆ, 24ರ ವಯಸ್ಸಿನಲ್ಲಿ ಬೆಟ್ಟ ದಾಟಿಸಲು ಹೊರಟ ಒಬ್ಬ ಹುಡುಗಿ ಇದ್ದಾಳೆ. ಬೇವಿಸ್ಟಾಕ್ ಆಮೇಲೆ ಸಂಡರ್ಲೆಂಡ್ ಅನ್ನುವ ಕಡಲ ವಿಮಾನಗಳ ಪೈಲಟ್ ಆಗಿ 1944ರಲ್ಲಿ ಎರಡು ಜರ್ಮನ್ ಜಲಾಂತರ್ಗಾಮಿಗಳನ್ನು ಮುಳುಗಿಸಿದ.

ಹಾಗಾದರೆ ಹೇಳೋಕೆ ಯಾರೂ ಬದುಕುಳಿಯದ ವಿಮಾನಗಳ ಹುಡುಗರು? ಅವರೇ ಜಾಸ್ತಿ. ಏಳು ಜನ ಹೊರಟರೆ ಏಳೂ ಜನ ಹೋದರು ಅನ್ನುವುದೇ ಬಾಂಬರ್ ಕಮಾಂಡಿನಲ್ಲಿ ಮಾಮೂಲಿ ಆಗಿತ್ತು.

ಮನೆಗೆ ಮೊದಲು ಬರುತ್ತಿದ್ದದ್ದು ಒಂದು ತಂತಿ. ನಿಮ್ಮ ಮಗ ವಿಮಾನ ಕಾರ್ಯಾಚರಣೆಯಿಂದ ಹಿಂತಿರುಗಿಲ್ಲ, ಕಾಣೆಯಾಗಿದ್ದಾನೆ ಅಂತ. ಸತ್ತಿದ್ದಾನೆ ಅಂತಲ್ಲ. ಆ ಒಂದು ಪದಕ್ಕೆ ಜೋತುಬಿದ್ದು ಮನೆಯವರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಸೆರೆ ಸಿಕ್ಕಿರಬಹುದು, ಯಾರಾದರೂ ಬಚ್ಚಿಟ್ಟುಕೊಂಡಿರಬಹುದು. ಜರ್ಮನರು ತಮಗೆ ಸಿಕ್ಕ ಶವಗಳ, ಸೆರೆಯಾಳುಗಳ ಪಟ್ಟಿಯನ್ನು ಜಿನೀವಾದ ರೆಡ್ ಕ್ರಾಸ್‌ಗೆ ಕಳಿಸುತ್ತಿದ್ದರು, ಅಲ್ಲಿಂದ ಲಂಡನ್ನಿಗೆ. ಆ ಪಟ್ಟಿಯಲ್ಲೂ ಹೆಸರಿಲ್ಲದಿದ್ದರೆ ಸುಮಾರು ಆರು ತಿಂಗಳ ಮೇಲೆ ಇನ್ನೊಂದು ಕಾಗದ ಬರುತ್ತಿತ್ತು: ಸತ್ತಿರಬೇಕು ಎಂದು ಭಾವಿಸಲಾಗಿದೆ. ಗೋರಿ ಇಲ್ಲ, ದಿನ ಖಚಿತ ಇಲ್ಲ, ಹೇಗೆ ಅಂತಲೂ ಇಲ್ಲ.

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಲೆಕ್ಕದಲ್ಲಿ ಹೀಗೆ ಕಾಣೆಯಾದವರು ಸುಮಾರು 42,000. ಅವರನ್ನು ಹುಡುಕಲು ವಾಯುಪಡೆ ಒಂದು ತಂಡವನ್ನೇ ಕಟ್ಟಿತ್ತು, ಕಾಣೆಯಾದವರ ಶೋಧ ಮತ್ತು ವಿಚಾರಣೆ ವಿಭಾಗ ಅಂತ. ಅದರ ಅಧಿಕಾರಿಗಳು ಜೀಪು ಹತ್ತಿ ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್, ಜರ್ಮನಿಯ ಹಳ್ಳಿ ಹಳ್ಳಿ ತಿರುಗಿದರು. ಪಾದ್ರಿಯನ್ನು ಕೇಳೋದು, ಊರಿನ ಮುಖಂಡನನ್ನು ಕೇಳೋದು, ಸ್ಮಶಾನದ ಕೆಲಸದವನನ್ನು ಕೇಳೋದು. ಆ ವರ್ಷ ಆ ರಾತ್ರಿ ಇಲ್ಲಿ ವಿಮಾನ ಬಿದ್ದಿತ್ತಾ? ಎಷ್ಟು ಜನರನ್ನು ಹೂತಿರಿ? ಎಲ್ಲಿ?

ಆಮೇಲೆ ಗೋರಿ ತೆಗೆಯೋದು. ಈ ಕೆಲಸ ಮಾಡಿದವರು ಏನನ್ನು ಹುಡುಕುತ್ತಿದ್ದರು ಅಂತ ಓದಿದರೆ ಕರುಳು ಹಿಂಡಿದಂತಾಗುತ್ತದೆ. ಅಂಗಿಯ ಕಾಲರಿನ ಒಳಗೆ ಲಾಂಡ್ರಿಯವನು ಹಾಕಿದ ಗುರುತು. ತೋಳಿನ ಪಟ್ಟಿ ನೋಡಿದರೆ ಯಾವ ದರ್ಜೆಯವನು ಅಂತ ಗೊತ್ತಾಗುತ್ತದೆ. ಎದೆ ಮೇಲಿನ ಬ್ಯಾಡ್ಜ್ ನೋಡಿದರೆ ಪೈಲಟ್ಟಾ ಗನ್ನರ್ರಾ ಅಂತ ಗೊತ್ತಾಗುತ್ತದೆ. ಬೂಟಿನ ಅಳತೆ, ಹಲ್ಲು, ಒಂದು ಉಂಗುರ. ವಿಮಾನದ ಎಂಜಿನ್ ಮೇಲಿನ ನಂಬರ್ ಒಂದು ಸಿಕ್ಕರೂ ಸಾಕು, ಅದು ಯಾವ ವಿಮಾನ, ಆ ರಾತ್ರಿ ಅದರಲ್ಲಿ ಯಾರು ಯಾರು ಇದ್ದರು ಅಂತ ಪಟ್ಟಿ ಸಿಗುತ್ತದೆ. ಏಳು ಹೆಸರು, ಏಳು ಗೋರಿ, ಯಾವುದು ಯಾರದ್ದು ಅನ್ನೋದು ಬಿಡಿಸಬೇಕು. ಹೀಗೆ ಒಂದೊಂದಾಗಿ ಬಿಡಿಸಿ ಬಿಡಿಸಿ ಆ ನಲವತ್ತೆರಡು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರಿಗೆ ಹೆಸರಿರುವ ಗೋರಿ ಸಿಕ್ಕಿತು. ಲಾಂಡ್ರಿ ಗುರುತಿನಿಂದ ಮಗನ ಗೋರಿ ಸಿಕ್ಕ ಒಬ್ಬ ತಾಯಿಗೆ ಅದು ಎಷ್ಟು ದೊಡ್ಡದು ಅನ್ನೋದನ್ನು ನಾನು ಬರೆದು ಹೇಳಲಾರೆ.

ಗೋರಿಯ ಕಲ್ಲಿಗೂ ಒಂದು ಕಟ್ಟಳೆ ಇದೆ. ಅದು ಶುರುವಾದದ್ದು ಮೊದಲ ಮಹಾಯುದ್ಧದಲ್ಲಿ. ಫೇಬಿಯನ್ ವೇರ್ ಅನ್ನುವವರು ಸತ್ತ ಸೈನಿಕರ ಗೋರಿಗಳನ್ನು ಬರೆದಿಡುವ ಕೆಲಸ ಶುರುಮಾಡಿದರು, 1917ರಲ್ಲಿ ಅದೇ ಒಂದು ಆಯೋಗ ಆಯಿತು. ಈಗ ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಅವರು ಹಾಕಿಕೊಂಡ ನಿಯಮ ಆ ಕಾಲಕ್ಕೆ ದೊಡ್ಡ ಜಗಳವನ್ನೇ ಎಬ್ಬಿಸಿತ್ತು. ಶವವನ್ನು ಊರಿಗೆ ತರುವಂತಿಲ್ಲ, ಎಲ್ಲಿ ಸತ್ತನೋ ಅಲ್ಲೇ. ಜನರಲ್ ಆದರೂ ಸಿಪಾಯಿ ಆದರೂ ಒಂದೇ ಅಳತೆಯ ಕಲ್ಲು. ದುಡ್ಡಿದ್ದವರು ದೊಡ್ಡ ಗೋರಿ ಕಟ್ಟಿಸುವ ಹಾಗಿಲ್ಲ. ಎಷ್ಟೋ ತಾಯಂದಿರು ಮಗನನ್ನು ಮನೆಗೆ ಕೊಡಿ ಅಂತ ಬೇಡಿಕೊಂಡರು, ಸಿಗಲಿಲ್ಲ. ಕಟುವಾದ ನಿಯಮ ಅದು. ಆದರೆ ಕಾರಣ ಇತ್ತು: ಅನುಕೂಲಸ್ಥರ ಮಗ ಮಾತ್ರ ಮನೆಗೆ ಬಂದು, ಬಡವರ ಮಗ ಹೊಲದಲ್ಲೇ ಉಳಿಯಬಾರದು.

ನಮ್ಮ ವೀರಗಲ್ಲು ಗೊತ್ತಲ್ಲ, ಊರ ತುರು ಕಾಯುತ್ತಾ ಸತ್ತವನಿಗೆ ನಿಲ್ಲಿಸಿದ್ದು? ಅದರಲ್ಲಿ ಕಥೆಯನ್ನೇ ಕೆತ್ತಿರುತ್ತಾರೆ, ಕೆಳಗೆ ಕಾಳಗ, ಮೇಲೆ ಅವನನ್ನು ಕರೆದೊಯ್ಯುವ ಅಪ್ಸರೆಯರು. ಊರವರು ಕಂಡಿದ್ದರು, ಅದಕ್ಕೇ ಕೆತ್ತಿಸಿದರು. ಈ ಯುದ್ಧದ ಕಲ್ಲುಗಳಲ್ಲಿ ಕಥೆ ಇರಲ್ಲ, ಇರಲೂ ಆಗಲ್ಲ, ಬಹಳ ಜನರ ಕಥೆ ಕಂಡವರೇ ಇಲ್ಲ. ಸುಮಾರು 81 ಸೆಂಟಿಮೀಟರ್ ಎತ್ತರದ ಬಿಳಿ ಕಲ್ಲು. ಮೇಲೆ ವಾಯುಪಡೆಯ ಹದ್ದಿನ ಲಾಂಛನ. ದರ್ಜೆ, ಹೆಸರು, ಮಾಡುತ್ತಿದ್ದ ಕೆಲಸ, ಸತ್ತ ದಿನ, ಮನೆಯವರು ತಿಳಿಸಿದ್ದರೆ ವಯಸ್ಸು. ಒಂದು ಶಿಲುಬೆ, ಅಥವಾ ಅವನ ಧರ್ಮದ ಗುರುತು. ಅಡಿಯಲ್ಲಿ ಮನೆಯವರು ಬರೆಸಬಹುದಾದ ಒಂದೆರಡು ಸಾಲು, ಅದಕ್ಕೂ ಅಕ್ಷರದ ಮಿತಿ. ಗುರುತೇ ಸಿಗದವನ ಕಲ್ಲಿನ ಮೇಲೆ ಹೆಸರಿನ ಬದಲು ದೇವರಿಗೆ ಮಾತ್ರ ಗೊತ್ತು ಅನ್ನುವ ಅರ್ಥದ ಮಾತು. ಆ ಮಾತನ್ನು ಆರಿಸಿಕೊಟ್ಟವರು ರಡ್ಯಾರ್ಡ್ ಕಿಪ್ಲಿಂಗ್. ಅವರ ಮಗನೂ ಮೊದಲ ಯುದ್ಧದಲ್ಲಿ ಕಾಣೆಯಾಗಿದ್ದ.

ಬಾಂಬರ್ ಹುಡುಗರ ಗೋರಿಗಳಲ್ಲಿ ಇನ್ನೊಂದು ವಿಷಯ ಗಮನಿಸಿ. ಸಾಮಾನ್ಯವಾಗಿ ಕಲ್ಲುಗಳ ನಡುವೆ ಜಾಗ ಬಿಟ್ಟಿರುತ್ತಾರೆ. ಕೆಲವು ಕಡೆ ಮಾತ್ರ ನಾಲ್ಕು, ಐದು, ಏಳು ಕಲ್ಲುಗಳು ಹೆಗಲಿಗೆ ಹೆಗಲು ತಾಗಿಸಿಕೊಂಡು ಒತ್ತಾಗಿ ನಿಂತಿರುತ್ತವೆ. ಅದು ಒಂದೇ ವಿಮಾನದವರು. ಯಾರು ಯಾವ ಕಡೆ ಅಂತ ಬಿಡಿಸಲು ಆಗದೆ ಒಟ್ಟಿಗೆ ಮಣ್ಣು ಮಾಡಿದವರು.

ಗೋರಿಯೇ ಇಲ್ಲದವರಿಗೆ, ಸಮುದ್ರಕ್ಕೆ ಬಿದ್ದವರಿಗೆ, ಲಂಡನ್ ಹತ್ತಿರದ ರನ್ನಿಮೀಡ್ ಗುಡ್ಡದ ಮೇಲೆ ಒಂದು ಸ್ಮಾರಕ ಇದೆ. 1953ರ ಅಕ್ಟೋಬರ್‌ನಲ್ಲಿ ತೆರೆದದ್ದು. ಗೋಡೆ ತುಂಬಾ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಹೆಸರು. ಅದರಲ್ಲಿ ನಮ್ಮ ಮೈಸೂರಿಗೆ ಸಂಬಂಧಪಟ್ಟ ಒಂದು ಹೆಸರೂ ಇದೆ: ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್. ಆಕೆ ಬಾಂಬರ್ ವಿಮಾನದವಳಲ್ಲ, ವಾಯುಪಡೆಯ ಮಹಿಳಾ ವಿಭಾಗದಿಂದ ಗುಪ್ತ ಕೆಲಸಕ್ಕೆ ಪ್ಯಾರಿಸ್ಸಿಗೆ ಹೋಗಿ ವೈರ್‌ಲೆಸ್ ನಡೆಸಿದವಳು, 1944ರಲ್ಲಿ ಡಖಾವ್ ಶಿಬಿರದಲ್ಲಿ ಕೊಂದರು. ಗೋರಿ ಇಲ್ಲ. ಹಾಗಾಗಿ ಆ ವಿಮಾನಿಗಳ ನಡುವೆ ಆಕೆಯ ಹೆಸರೂ ಇದೆ. ಇತ್ತ ನಮ್ಮ ಕಡೆ, ದಕ್ಷಿಣ ಮತ್ತು ಪೂರ್ವ ಭಾರತದ ಊರೂರಿನಲ್ಲಿ ಚೆದುರಿಹೋಗಿದ್ದ ಎರಡನೇ ಯುದ್ಧದ ಎಷ್ಟೋ ಗೋರಿಗಳನ್ನು 1952ರಲ್ಲಿ ಮದ್ರಾಸ್ ಯುದ್ಧ ಸ್ಮಶಾನಕ್ಕೆ ತಂದು ಒಂದುಗೂಡಿಸಿದರು.

ಎಲ್ಲರೂ ಸಮಾನ ಅನ್ನುವ ಆ ನಿಯಮ ಎಲ್ಲರಿಗೂ ಸಿಗಲಿಲ್ಲ ಅನ್ನೋದನ್ನೂ ಹೇಳಲೇಬೇಕು. 2021ರಲ್ಲಿ ಕಮಿಷನ್ ತಾನೇ ಒಂದು ವರದಿ ಹೊರತಂದು ಒಪ್ಪಿಕೊಂಡಿತು: ಮೊದಲ ಮಹಾಯುದ್ಧದಲ್ಲಿ ಸತ್ತ ಕಡಿಮೆಯೆಂದರೂ 1,16,000 ಜನರ, ಹೆಚ್ಚಾಗಿ ಪೂರ್ವ ಆಫ್ರಿಕಾದವರ ಮತ್ತು ಈಜಿಪ್ಟಿನವರ, ಹೆಸರು ಎಲ್ಲೂ ಕೆತ್ತಿಲ್ಲ, ಅದು 3,50,000ವರೆಗೂ ಇರಬಹುದು. ಯುರೋಪಿನಲ್ಲಿ ಲಾಂಡ್ರಿ ಗುರುತು ಹಿಡಿದು ಒಬ್ಬನಿಗಾಗಿ ಅಷ್ಟು ಹುಡುಕಾಡಿದವರಿದ್ದರು. ಈ ಜನರಲ್ಲಿ ಎಷ್ಟೋ ಮಂದಿಗೆ ಪಟ್ಟಿಯೂ ಇರಲಿಲ್ಲ. ನನಗೆ ಇದು ಸುಲಭವಾಗಿ ಮರೆಯುವ ವಿಷಯವಲ್ಲ.

ಇನ್ನು ಬಾಂಬರ್ ಕಮಾಂಡಿನ ಹುಡುಗರಿಗೆ ಒಟ್ಟಾಗಿ ಒಂದು ರಾಷ್ಟ್ರೀಯ ಸ್ಮಾರಕ ಬಂದದ್ದು ಯಾವಾಗ ಗೊತ್ತಾ? 2012ರ ಜೂನ್ 28. ಯುದ್ಧ ಮುಗಿದು 67 ವರ್ಷದ ಮೇಲೆ. ಕಾರಣ ಕಲೋನ್, ಹ್ಯಾಂಬರ್ಗ್, ಡ್ರೆಸ್ಡೆನ್. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್‌ನಲ್ಲಿ ಸುಮಾರು 25,000 ಜನ ಸತ್ತರು, ಹೆಚ್ಚಿನವರು ಸೈನಿಕರಲ್ಲ. ಊರುಗಳ ಮೇಲೆ ಬಾಂಬ್ ಹಾಕಿದ್ದು ಸರಿಯೇ ಅನ್ನುವ ಪ್ರಶ್ನೆ ಎದ್ದಾಗ ಆ ಆದೇಶ ಕೊಟ್ಟ ಸರ್ಕಾರಗಳೇ ಈ ವಿಷಯದಿಂದ ದೂರ ಸರಿದವು, ಹಾರಿದ ಹುಡುಗರು ಮತ್ತು ಅವರ ಮನೆಯವರು ಮಾತಿಲ್ಲದೆ ಉಳಿದರು. ನನ್ನ ಅಭಿಪ್ರಾಯ ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದು, ಕೇಳುತ್ತಲೇ ಇರಬೇಕು. ಆದರೆ ಉತ್ತರ ಹೇಳಬೇಕಾದವರು ಇಪ್ಪತ್ತು ವರ್ಷದ ಗನ್ನರ್‌ಗಳಲ್ಲ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಇರುವ ಆ ಸ್ಮಾರಕದಲ್ಲಿ ಏಳು ಜನರ ದೊಡ್ಡ ಕಂಚಿನ ಪ್ರತಿಮೆ ಇದೆ, ಈಗ ತಾನೇ ವಿಮಾನ ಇಳಿದು ಬಂದು ನಿಂತ ಹಾಗೆ. 1939ರಿಂದ 1945ರವರೆಗಿನ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲಾ ದೇಶದವರನ್ನೂ ನೆನೆಯುತ್ತೇವೆ ಅಂತ ಅಲ್ಲಿ ಕೆತ್ತಿದೆ. ಕಲೋನ್‌ನ ಆ 470 ಜನ ಅದರೊಳಗಿದ್ದಾರೆ.

ಆ ಸ್ಮಾರಕದ ಚಾವಣಿಯನ್ನು ತಲೆ ಎತ್ತಿ ನೋಡಬೇಕು. ಅದರ ಅಲ್ಯೂಮಿನಿಯಂನಲ್ಲಿ 1944ರ ಮೇ ತಿಂಗಳಲ್ಲಿ ಬೆಲ್ಜಿಯಂನಲ್ಲಿ ಬಿದ್ದ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್‌ನ ಲೋಹ ಸೇರಿದೆ. ಕೆನಡಾದ ಸ್ಕ್ವಾಡ್ರನ್ನಿನ ವಿಮಾನ, ಎಂಟು ಜನ. ಐವರು ಆಗಲೇ ಸಿಕ್ಕಿ ಮಣ್ಣಾಗಿದ್ದರು. ಮೂವರು ವಿಮಾನದ ಜೊತೆ ಕೆಸರಿನಲ್ಲಿ ಹೂತುಹೋಗಿದ್ದರು. 1997ರಲ್ಲಿ ಆ ಕೆಸರು ಅಗೆದಾಗ ಮೂವರೂ ಸಿಕ್ಕರು, 53 ವರ್ಷದ ಮೇಲೆ ಗೆಳೆಯರ ಪಕ್ಕದಲ್ಲೇ ಮಣ್ಣು ಮಾಡಿದರು.

2018ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನ ಗುಡ್ಡದ ಮೇಲೆ ಬಾಂಬರ್ ಕಮಾಂಡಿನವರ ನೆನಪಿಗೆ ಒಂದು ಕೇಂದ್ರ ತೆರೆಯಿತು. ನಡುವೆ 31 ಮೀಟರ್ ಎತ್ತರದ ಒಂದು ಉಕ್ಕಿನ ಗೋಪುರ, ಆ ಎತ್ತರ ಲ್ಯಾಂಕಾಸ್ಟರ್ ವಿಮಾನದ ಒಂದು ರೆಕ್ಕೆ ತುದಿಯಿಂದ ಇನ್ನೊಂದು ತುದಿಗೆ ಇರುವ ಅಳತೆ. ಸುತ್ತ ಗೋಡೆಗಳಲ್ಲಿ ಸುಮಾರು 58,000 ಹೆಸರು, ನೆಲದ ಮೇಲೆ ಕೆಲಸ ಮಾಡುತ್ತಾ ಸತ್ತವರೂ ಸೇರಿ. ದರ್ಜೆ ಇಲ್ಲ, ಪದಕ ಇಲ್ಲ, ಬರೀ ಹೆಸರು.

ಮ್ಯಾನ್ಸರ್ ಈಗ ಇರುವುದು ಬೆಲ್ಜಿಯಂನ ಲುವೆನ್ ಹತ್ತಿರದ ಹೆವರ್ಲೀ ಯುದ್ಧ ಸ್ಮಶಾನದಲ್ಲಿ. ಅವನ ವಿಮಾನ ಬಿದ್ದ ಮೋಲೆನ್‌ಬೇರ್ಸೆಲ್ ಕಡೆ 2004ರ ಮೇ 31ರಂದು, ಅವನು ಸತ್ತ ದಿನವೇ, ಒಂದು ಸ್ಮಾರಕ ನಿಲ್ಲಿಸಿದರು. ಅವನು ಕೊನೆಯ ಸಲ ಹೊರಟ ಸ್ಕೆಲ್ಲಿಂಗ್‌ಥಾರ್ಪ್ ವಿಮಾನ ನೆಲೆ ಈಗಿಲ್ಲ, ಆ ಜಾಗದಲ್ಲಿ ಲಿಂಕನ್ ಊರಿನ ಬಡಾವಣೆ ಬೆಳೆದಿದೆ. ಅಲ್ಲಿ ಒಂದು ಪ್ರಾಥಮಿಕ ಶಾಲೆ ಇದೆ, ಹೆಸರು ಲೆಸ್ಲಿ ಮ್ಯಾನ್ಸರ್ ಶಾಲೆ. ಐದು ವರ್ಷದ ಮಕ್ಕಳು ಅವನ ಹೆಸರನ್ನು ಸ್ವೆಟರ್ ಮೇಲೆ ಹಾಕಿಕೊಂಡು ಓಡಾಡುವುದನ್ನು ಕಲ್ಪಿಸಿಕೊಂಡರೆ ನನಗೆ ಸಮಾಧಾನ ಆಗುತ್ತದೆ.

ಅವನ ಅಕ್ಕತಂಗಿಯರಲ್ಲಿ ಒಬ್ಬಳನ್ನು ಮದುವೆಯಾಗಿದ್ದವನು ಜಾನ್ ನೀಲ್ ರ‍್ಯಾಂಡಲ್. ಅವನೂ ಹುಟ್ಟಿದ್ದು ಇಲ್ಲೇ, ಕಾಶಿಯಲ್ಲಿ. 1944ರ ಮೇ 6ರಂದು ಕೊಹಿಮಾದಲ್ಲಿ ಜಪಾನಿಯರ ಬಂಕರ್ ಒಂದು ತನ್ನವರನ್ನು ಕೊಲ್ಲುತ್ತಿದ್ದಾಗ, ಮೊದಲೇ ಗಾಯಗೊಂಡಿದ್ದ ಅವನು ಒಬ್ಬನೇ ಓಡಿಹೋಗಿ ಒಳಗೆ ಗ್ರೆನೇಡ್ ಎಸೆದು, ಬಂಕರಿನ ಕಿಂಡಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟು ಸತ್ತ. ವಯಸ್ಸು 26. ಅವನಿಗೂ ವಿಕ್ಟೋರಿಯಾ ಕ್ರಾಸ್. ಅಲ್ಲಿ ಕಂಡು ಹೇಳಲು ಅವನ ಸೈನಿಕರಿದ್ದರು. ಆ ಒಬ್ಬ ಹೆಂಗಸು ಎರಡು ವರ್ಷದೊಳಗೆ ಅಣ್ಣನೋ ತಮ್ಮನೋ ಆದ ಒಬ್ಬನನ್ನೂ ಗಂಡನನ್ನೂ ಕಳೆದುಕೊಂಡಳು. ಶವ ಊರಿಗೆ ತರುವಂತಿಲ್ಲ ಅನ್ನುವ ನಿಯಮ ಅವಳಿಗೂ ಒಂದೇ. ಒಬ್ಬನ ಗೋರಿ ಬೆಲ್ಜಿಯಂನಲ್ಲಿ, ಬಿಳಿ ಕಲ್ಲು, ಶಿಲುಬೆ ಇರಬೇಕಾದ ಜಾಗದಲ್ಲಿ ಆ ಪದಕದ ಚಿತ್ರ. ಇನ್ನೊಬ್ಬನದು ನಾಗಾಲ್ಯಾಂಡಿನ ಬೆಟ್ಟದ ಇಳಿಜಾರಿನಲ್ಲಿ, ತಗ್ಗಾದ ಕಲ್ಲಿನ ಮೇಲೆ ಕೂರಿಸಿದ ಒಂದು ಕಂಚಿನ ಫಲಕ.